ತಮಟೆಯನ್ನು ಏಕೆ ಕಾಯಿಸುತ್ತಾರೆ?

ಮೊಮ್ಮಗಳು ಪ್ರಿಯಾ ಶಾಲೆಯಿಂದ ಒಂದು ಚೀಟಿ ತಂದಿದ್ದಳು. ಮನೆಯವರು ಒಪ್ಪಿ ರುಜು ಹಾಕಬೇಕಿತ್ತು. ಕಗ್ಗದಾಸಪುರದ ವೆಂಕಟಸ್ವಾಮಿ ಕನ್ನಡಕ ಏರಿಸಿಕೊಂಡು ಓದಿದರು. ಶನಿವಾರದ ತರಗತಿ, ವಿಜ್ಞಾನ ಮತ್ತು ಸಂಗೀತ ಒಟ್ಟಿಗೆ, ಮಕ್ಕಳೇ ಕೈಯಾರೆ ವಾದ್ಯ ನುಡಿಸಿ ಕಲಿಯುತ್ತಾರೆ ಎಂದಿತ್ತು. ಅಲ್ಲಿಯವರೆಗೆ ಸರಿ. ಪ್ರಿಯಾಳ ಹೆಸರಿನ ಮುಂದೆ ‘ತಮಟೆ’ ಎಂದು ಬರೆದಿತ್ತು. ಅವರು ಹುಬ್ಬು ಗಂಟಿಕ್ಕಿದರು.

“ಇದು ಬೇಡ. ಏಳನೇ ಕ್ಲಾಸು, ಲೆಕ್ಕ ಓದ್ಕೋ.”

“ಎಲ್ರೂ ಸೇರ್ತಾವ್ರೆ ತಾತ.”

“ಮಗು ಅಷ್ಟು ಆಸೆ ಪಡ್ತೈತೆ, ಒಂದು ರುಜು ಹಾಕಕ್ಕೆ ಇಷ್ಟು ಬಿಗುಮಾನವಾ?” ಎಂದರು ಹೆಂಡತಿ ವೆಂಕಟಮ್ಮ. ಮುದುಕರು ಚೀಟಿ ಮಡಿಸಿ ಜೇಬಿಗಿಟ್ಟರು.

ತಮಟೆ ಎಂದರೆ ಅವರಿಗೆ ಪ್ರಾಣವಾಗಿತ್ತು. ಕಗ್ಗದಾಸಪುರದಲ್ಲಿ ರಾಗಿ ಹೊಲಗಳಿದ್ದ ಕಾಲ. ಕೆರೆ ಏರಿಯ ಮೇಲೆ ಅಪ್ಪನ ತಮಟೆ ಕೇಳಿದರೆ ಸಾಕು, ಹುಡುಗ ವೆಂಕಟಸ್ವಾಮಿಯ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಆದರೆ ಊರವರು ಕರೆದರೆ ಜ್ವರವಿದ್ದರೂ ಹೋಗಬೇಕಿತ್ತು. ಬಾರಿಸಿ ಬಂದವನಿಗೆ ಊಟ ಮಾತ್ರ ಹೊರಗೆ, ದೂರದಲ್ಲಿ. ಅಪ್ಪನ ನಂತರ ತಾವೂ ಬಾರಿಸುತ್ತಿದ್ದ ವೆಂಕಟಸ್ವಾಮಿ, ಬುದ್ಧನ ದಾರಿ ಹಿಡಿದ ವರ್ಷ ತಮಟೆ ಕೆಳಗಿಟ್ಟರು. ಮಗ ಮಧುಕರನಿಗೆ ಅದನ್ನು ಮುಟ್ಟಲೂ ಬಿಡಲಿಲ್ಲ. ಈಗ ಶಾಲೆಯವರು ಮನೆ ಯಾವುದೆಂದು ನೋಡಿಯೇ ಮೊಮ್ಮಗಳಿಗೆ ತಮಟೆ ಹಂಚಿದ್ದಾರೆ ಎಂದುಕೊಂಡರು.

ಶನಿವಾರ ಬೆಳಿಗ್ಗೆ ಪ್ರಿಯಾಳ ಹೆಸರು ತೆಗೆಸಲೆಂದೇ ಅವಳ ಜೊತೆ ಶಾಲೆಗೆ ಹೋದರು. ವಿಜ್ಞಾನದ ಟೀಚರ್ ಕಾವೇರಿ ಅಂಗಳದಲ್ಲೇ ಸಿಕ್ಕರು.

“ನನ್ನ ಮೊಮ್ಮಗಳಿಗೇ ತಮಟೆ ಯಾಕೆ ಬಂತು ಮೇಡಂ?”

“ಚೀಟಿ ಎತ್ತಿಸಿದ್ವಿ ಯಜಮಾನ್ರೇ. ಕೆಲವ್ರಿಗೆ ಕೊಳಲು, ಕೆಲವ್ರಿಗೆ ಏಕತಾರಿ. ತಮಟೆ ನಾಲ್ಕು ಮಕ್ಕಳಿಗೆ ಬಂತು. ಅಲ್ನೋಡಿ, ಲಿಖಿತ್‌ಗೂ ಅದೇ.”

ಲಿಖಿತ್ ಹಳೆಯ ಪಟೇಲರ ಮನೆಯ ಹುಡುಗ. ತಮಟೆ ಬಾರಿಸಲು ಬಾ ಎಂದು ವೆಂಕಟಸ್ವಾಮಿಯ ಅಪ್ಪನಿಗೆ ಹೇಳಿ ಕಳುಹಿಸುತ್ತಿದ್ದವನು ಅವನ ಮುತ್ತಾತನೇ. ಈಗ ಆ ಮನೆಯ ಹುಡುಗನ ಕೈಯಲ್ಲೇ ತಮಟೆ.

“ಬಾರಿಸಿದ್ರೆ ಓದು ಬರ್ತದಾ?” ಎಂದರು ವೆಂಕಟಸ್ವಾಮಿ, ಸ್ವಲ್ಪ ಮೆತ್ತಗೆ.

“ಶಬ್ದದ ಪಾಠ ಎರಡು ಸಲ ಓದಿಸ್ದೆ. ಬಾಯಿಪಾಠ ಮಾಡಿದ್ರು, ತಲೆಗೆ ಹತ್ಲಿಲ್ಲ. ಒಂದ್ನಿಮಿಷ ಕೂತು ನೀವೇ ನೋಡಿ.”

ಮಳೆಗಾಲದ ತೇವ. ಪ್ರಿಯಾ ಬಾರಿಸಿದರೆ ತಮಟೆ ಬದಬದ ಎಂದಿತು. ವೆಂಕಟಸ್ವಾಮಿಗೆ ತಡೆಯಲಾಗಲಿಲ್ಲ.

“ಮೊದ್ಲು ಬೆಂಕಿಗೆ ಹಿಡೀರಿ. ಅಷ್ಟು ಹತ್ರ ಬೇಡ, ಸುಟ್ಟೋಗ್ತದೆ.”

ಟೀಚರ್ ಹಳೇ ಪೇಪರ್‌ಗೆ ಬೆಂಕಿ ಹಚ್ಚಿದರು. ಮುದುಕರು ತಾವೇ ತಮಟೆ ಹಿಡಿದು ತಿರುಗಿಸಿ ತಿರುಗಿಸಿ ಕಾಯಿಸಿ, ಎರಡು ಪೆಟ್ಟು ಕೊಟ್ಟರು. ಈಗ ಸದ್ದು ಏರಿ, ಗೋಡೆಗೆ ಬಡಿದು ಮರಳಿತು. ಅವರಿಗೆ ಅಪ್ಪ ನೆನಪಾಗಿ ಕಣ್ಣು ತುಂಬಿತು.

“ಯಾಕೆ ಹೀಗಾಯ್ತು?” ಟೀಚರ್ ಮಕ್ಕಳನ್ನು ಕೇಳಿದರು. ಅಷ್ಟು ವರ್ಷ ಬಾರಿಸಿದ ವೆಂಕಟಸ್ವಾಮಿಗೆ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ.

ಪ್ರಿಯಾ ಚರ್ಮದ ಮೇಲೆ ಬೆರಳಾಡಿಸಿದಳು. “ತೇವ ಹೋಗಿ ಬಿಗಿ ಆಗೈತೆ ಮಿಸ್. ಬಿಗಿ ಆದ್ರೆ ಬೇಗ ಬೇಗ ಅದುರ್ತದೆ. ಅದಕ್ಕೇ ಸದ್ದು ಏರ್ತದೆ.”

“ಇನ್ನೂ ಕಾಯಿಸಿದ್ರೆ ಇನ್ನೂ ಏರುತ್ತಾ?” ಎಂದ ಲಿಖಿತ್.

“ಹರಿದೋಗ್ತದೆ ಕಣಪ್ಪ,” ಎಂದರು ಮುದುಕರು. ಮಕ್ಕಳು ಅದನ್ನೂ ಬರೆದುಕೊಂಡರು.

ಅಲ್ಲೇ ಚೀಟಿಗೆ ರುಜು ಬಿತ್ತು. “ನಾವು ಹೆದರ್ಕೊಂಡು ಬಾರಿಸ್ತಿದ್ವಿ ಮೇಡಂ. ಇವ್ಳು ತನಗೆ ಬೇಕು ಅಂತ ಬಾರಿಸ್ಲಿ.”

ಹೊರಡುವಾಗ ಲಿಖಿತ್ ಓಡಿಬಂದ. “ತಾತ, ಕಡ್ಡಿ ಹಿಡಿಯೋದು ನನಗೂ ಹೇಳ್ಕೊಡ್ತೀರಾ?” ಎಂದು ಕುರ್ಚಿ ಎಳೆದು ಹಾಕಿದ. ಆ ಮನೆಯವರು ವೆಂಕಟಸ್ವಾಮಿಯ ಮನೆಯವರನ್ನು ಕೂರಲು ಹೇಳಿದ್ದು ಅದೇ ಮೊದಲು. ಅವರು ಕೂತರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಗುವೂ ಇಂಥ ಚೀಟಿ ತಂದೀತು. ಆಟ ಎಂದು ಬದಿಗಿಡುವ ಮೊದಲು ಒಂದು ಶನಿವಾರ ಶಾಲೆಗೆ ಹೋಗಿ ಬನ್ನಿ. ನಿಮಗೆ ಗೊತ್ತಿರುವ ಕೈಕಸುಬು ಇದ್ದರೆ ಟೀಚರಿಗೆ ತಿಳಿಸಿ. ಅದರೊಳಗಿನ ‘ಯಾಕೆ’ ಏನೆಂದು ಮಕ್ಕಳು ಹುಡುಕಲಿ.