ರೀಟಾ ಕೂತ ಜಾಗ

ನಾಯಿ ಮತ್ತೆ ಪೆಟ್ಟಿಗೆಯ ಮುಂದೆ ಕೂತಿತ್ತು. ಆದಿಲಕ್ಷ್ಮಿ ಪೊರಕೆ ತೋರಿಸಿದಳು, ಗದರಿದಳು, ಕೊನೆಗೆ ಕೊರಳಪಟ್ಟಿ ಹಿಡಿದು ಎಳೆದೂ ನೋಡಿದಳು. ಅದು ಎದ್ದು, ಹಿಂಗಾಲು ಕುಂಟುತ್ತ ಬಾಗಿಲವರೆಗೆ ಹೋಗಿ, ತಿರುಗಿ ಬಂದು ಅದೇ ಜಾಗದಲ್ಲಿ ಕೂತಿತು. ಬೊಗಳಲಿಲ್ಲ, ಪರಚಲಿಲ್ಲ. ಅವಳ ಮುಖವನ್ನೇ ನೋಡುತ್ತಿತ್ತು.

"ಬೆಳಗ್ಗೆಯಿಂದ ಹಿಂಗೇ ಕುಂತೈತೆ," ಎಂದಳು, ಫ್ಯಾಕ್ಟರಿಯಿಂದ ಬಂದು ಸೈಕಲ್ ಒರಗಿಸುತ್ತಿದ್ದ ಗಂಡನಿಗೆ. "ಅನ್ನ ಇಕ್ಕಿದ್ರೂ ಏಳಲ್ಲ."

ಸಂಜೀವಪ್ಪ ಹೊಸಿಲಲ್ಲೇ ನಿಂತು ನೋಡಿದ. ಆ ತಗಡಿನ ಪೆಟ್ಟಿಗೆ ಸೈನ್ಯದಲ್ಲಿದ್ದ ಮಗ ಮುನಿಆಂಜನಪ್ಪನದು. ಅವನ ಬಟ್ಟೆಬರೆಯೆಲ್ಲ ಅದರಲ್ಲಿತ್ತು. ಹಿಂದಿನ ಡಿಸೆಂಬರಿನ ಯುದ್ಧದಲ್ಲಿ, ಪಂಜಾಬಿನ ಗಡಿಯ ಒಂದು ಗೋಧಿ ಹೊಲದಲ್ಲಿ, ಹೂತಿಟ್ಟ ಬಾಂಬು ಸಿಡಿದು ಅವನು ಸತ್ತಿದ್ದ. ಆಮೇಲೆ ಆದಿಲಕ್ಷ್ಮಿ ಪೆಟ್ಟಿಗೆಯ ಬೀಗ ತೆಗೆದಿರಲಿಲ್ಲ. ಬೇರೆಯವರು ಮುಟ್ಟಲೂ ಬಿಟ್ಟಿರಲಿಲ್ಲ.

"ಅವನ ವಾಸನೆ ಹತ್ತಿರ್ಬೇಕು," ಎಂದ ಸಂಜೀವಪ್ಪ.

ರೀಟಾ ಜೋಗುಪಾಳ್ಯಕ್ಕೆ ಬಂದು ಆಗಿನ್ನೂ ಒಂದು ವಾರ. ದಂಡು ಸ್ಟೇಷನ್ನಿನಿಂದ ಜಟಕಾದಲ್ಲಿ ಕರೆತಂದವನು ಹೊಸಕೋಟೆ ಕಡೆಯ ಮುನಿಕೃಷ್ಣಪ್ಪ, ಮಗನ ತುಕಡಿಯಲ್ಲೇ ಇದ್ದವನು. ಅಷ್ಟು ಎತ್ತರದ ನಾಯಿಯನ್ನು ಆ ಗಲ್ಲಿಯವರು ನೋಡಿರಲಿಲ್ಲ. ಅದು ಕೆಳಗಿಳಿದಾಗ ಬೀದಿನಾಯಿಗಳೂ ಸುಮ್ಮನಾಗಿದ್ದವು.

"ನಿಮ್ಮ ಆಂಜಿನೀನೇ ಇದನ್ನ ಸಾಕಿದ್ದು ಕಣಮ್ಮ. ಕಾಲಿಗೆ ಏಟಾಯ್ತು, ಇನ್ನು ಡ್ಯೂಟಿಗೆ ಆಗಲ್ಲ ಅಂದ್ಬಿಟ್ರು. ಸಾಹೇಬ್ರನ್ನ ಕೇಳ್ಕೊಂಡು ನಿಮ್ಮ ಹತ್ರ ತಂದೆ," ಎಂದು ಹೇಳಿ, ಮುನಿಕೃಷ್ಣಪ್ಪ ಕಾಫಿ ಕುಡಿಯುತ್ತ ಅದರ ಕೆಲಸ ವಿವರಿಸಿದ್ದ. ನೆಲ ಮೂಸುತ್ತ ಮುಂದೆ ಹೋಗುವುದು. ಸಿಡಿಮದ್ದಿನ ವಾಸನೆ ಸಿಕ್ಕಲ್ಲಿ ಸುಮ್ಮನೆ ಕೂತುಬಿಡುವುದು. ಅಗೆದರೆ ಕೆಟ್ಟಿತು.

ಆದಿಲಕ್ಷ್ಮಿ ಗೋಡೆಗೊರಗಿ ಕೇಳುತ್ತಿದ್ದವಳು, "ಅವತ್ತು ಇದು ಅವನ ಜೊತೆಗಿತ್ತಾ?" ಎಂದಿದ್ದಳು.

ಮುನಿಕೃಷ್ಣಪ್ಪ ಲೋಟ ಕೆಳಗಿಟ್ಟ. "ಇತ್ತಮ್ಮ. ಮುಂದೆ ಇದು, ಹಿಂದೆ ಅವನು."

"ಮತ್ತೆ ಯಾಕೆ ಕೂರ್ಲಿಲ್ಲ?"

"ಗೊತ್ತಿಲ್ಲಮ್ಮ. ನಾನು ಆ ಹೊಲದಲ್ಲಿರ್ಲಿಲ್ಲ."

ಅವನು ಹೋದ ಮೇಲೆ ಅವಳು ಗಂಡನಿಗೆ ಹೇಳಿದ್ದಳು: "ಯಾರ್ಗಾದ್ರೂ ಕೊಟ್ಬಿಡಿ. ಇದರ ಮುಖ ನೋಡ್ಕೊಂಡು ನನ್ನ ಕೈಲಿ ಇರಕ್ಕಾಗಲ್ಲ." ಸಂಜೀವಪ್ಪ ಶಿವಾಜಿನಗರದಲ್ಲಿ ಸೌದೆ ಡಿಪೋ ಇಟ್ಟುಕೊಂಡಿದ್ದ ಜಿಯಾವುಲ್ಲಾನನ್ನು ಕೇಳಿದ್ದ. ಡಿಪೋ ಕಾಯಲು ನಾಯಿ ಬೇಕಿತ್ತು; ಬಿಡುವಾದಾಗ ಬಂದು ಕರೆದುಕೊಂಡು ಹೋಗುತ್ತೇನೆಂದು ಅವನು ಒಪ್ಪಿದ್ದ.

ಮರುದಿನ ಸಂಜೀವಪ್ಪ ಕೆಲಸಕ್ಕೆ ಹೋದ ಮೇಲೂ ರೀಟಾ ಪೆಟ್ಟಿಗೆಯ ಮುಂದೆಯೇ ಇತ್ತು. ಆದಿಲಕ್ಷ್ಮಿ ಅಕ್ಕಿ ಆರಿಸುತ್ತ ಓರೆಗಣ್ಣಿನಿಂದ ನೋಡುತ್ತಿದ್ದಳು. ಮಗನ ವಾಸನೆಯಾದರೆ ಅವನ ಚಾಪೆಯಲ್ಲೂ ಇತ್ತು, ಗೂಟದ ಮೇಲಿನ ಅಂಗಿಯಲ್ಲೂ ಇತ್ತು. ಅಲ್ಲೆಲ್ಲ ನಾಯಿ ಮೂಸಿ, ಬಾಲ ಆಡಿಸಿ ಮುಂದೆ ಹೋಗಿತ್ತು. ಇಲ್ಲಿ ಮಾತ್ರ ಕೂತಿದೆ. ಅವಳ ಕೈ ಮೊರದಲ್ಲೇ ನಿಂತಿತು. ಎದ್ದು ಹೋಗಿ ಪಕ್ಕದ ಮನೆಯ ಕಮರುನ್ನೀಸಾಳನ್ನು ಕರೆತಂದಳು. ಒಬ್ಬಳೇ ಬೀಗ ತೆಗೆಯಲು ಧೈರ್ಯ ಬರಲಿಲ್ಲ.

ಅಂಗಿಗಳ ಅಡಿಯಲ್ಲಿ ಹಳೇ ಪಂಚೆ. ಪಂಚೆಯ ಮಡಿಕೆಯಲ್ಲಿ ಪೇಪರಿನ ಪೊಟ್ಟಣ, ಅದರೊಳಗೆ ಪಟಾಕಿ ಸರ. ಹೋದ ವರ್ಷ ರಜದಲ್ಲಿ ಬಂದಿದ್ದ ಮಗ ದೀಪಾವಳಿಗೆಂದು ತಂದಿಟ್ಟದ್ದು. ಹಬ್ಬಕ್ಕೆ ಮೊದಲೇ ವಾಪಸ್ಸು ಬರಲು ತಂತಿ ಬಂದು ಅವನು ಹೊರಟುಬಿಟ್ಟಿದ್ದ.

"ಅಲ್ಲಕ್ಕಾ," ಎಂದಳು ಕಮರುನ್ನೀಸಾ ಕೆನ್ನೆಯ ಮೇಲೆ ಕೈಯಿಟ್ಟು, "ಬೀಗ ಹಾಕಿದ ಪೆಟ್ಟಿಗೆ, ಒಳಗೆ ಇಷ್ಟು ಬಟ್ಟೆ. ಇದಕ್ಕೆ ಹೆಂಗೆ ಗೊತ್ತಾಯ್ತು?"

ಆದಿಲಕ್ಷ್ಮಿ ಪೊಟ್ಟಣವನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ಆಮೇಲೆ ರೀಟಾಳನ್ನು ಹೊರಗೆ ಕಟ್ಟಿ, ಪೊಟ್ಟಣವನ್ನು ರಾಗಿಯ ಡಬ್ಬದೊಳಗೆ ಹುಗಿದು ಮುಚ್ಚಳ ಹಾಕಿದಳು.

ಬಿಚ್ಚಿಬಿಟ್ಟ ಮೇಲೆ ನಾಯಿ ಒಳಗೆ ಬಂದು, ಗೋಡೆಯುದ್ದಕ್ಕೂ ಮೂಸುತ್ತ ಹೋಗಿ, ರಾಗಿ ಡಬ್ಬದ ಮುಂದೆ ಕೂತಿತು.

ಅಂದಿನಿಂದ ಅದೇ ಅವಳ ಕೆಲಸವಾಯಿತು. ಸೌದೆಯ ಸಂದಿಯಲ್ಲಿಟ್ಟಳು, ಬಚ್ಚಲ ಹಂಡೆಯ ಹಿಂದೆ ಇಟ್ಟಳು, ಕಮರುನ್ನೀಸಾಳ ಮನೆಯ ಹಾಸಿಗೆಯ ಸುರುಳಿಯಲ್ಲಿ ಸುತ್ತಿಟ್ಟಳು. ಎಲ್ಲಿಟ್ಟರೂ ರೀಟಾ ಕೂರುತ್ತಿತ್ತು. ಕೂರುವ ಮೊದಲು ಬಾಲ ನಿಲ್ಲುತ್ತದೆ, ಎಡಗಿವಿ ತುಸು ಮುಂದೆ ಬಾಗುತ್ತದೆ ಎಂಬುದೆಲ್ಲ ಅವಳಿಗೆ ತಿಳಿಯಿತು. ಕಮರುನ್ನೀಸಾ ಪ್ರತಿ ಸಲವೂ ನಗುತ್ತಿದ್ದಳು. ಆದಿಲಕ್ಷ್ಮಿ ನಗುತ್ತಿರಲಿಲ್ಲ. ನಾಯಿ ಗೆದ್ದಷ್ಟೂ ಅವಳ ಪ್ರಶ್ನೆ ದೊಡ್ಡದಾಗುತ್ತಿತ್ತು.

"ರಾಗಿಯೊಳಗಿರೋದು ಗೊತ್ತಾಗತ್ತೆ," ಎಂದಳು ಒಂದು ದಿನ ಗಂಡನಿಗೆ. "ಮಣ್ಣೊಳಗಿದ್ದದ್ದು ಗೊತ್ತಾಗ್ಲಿಲ್ವಾ?"

"ನಾಯಿ ಅದು. ಅದನ್ನೇನು ಕೇಳ್ತೀಯ? ನಾಳೆ ಶನಿವಾರ, ಅರ್ಧ ದಿನ. ಬರ್ತಾ ಜಿಯಾವುಲ್ಲಾನ್ನ ಕರ್ಕೊಂಡು ಬರ್ತೀನಿ."

ಶನಿವಾರ ಬಿಸಿಲು ಸುಡುತ್ತಿತ್ತು. ಬೆಳಗ್ಗೆ ಸಾರಿನ ಪುಡಿಗೆ ಮೆಣಸಿನಕಾಯಿ ಹುರಿದ ಘಾಟು ಇನ್ನೂ ಮನೆಯಲ್ಲಿತ್ತು. ಇವತ್ತೇ ಕೊನೆ ಎಂದುಕೊಂಡು ಆದಿಲಕ್ಷ್ಮಿ ಒಂದರ ಹಿಂದೊಂದು ಜಾಗ ಬದಲಿಸಿ ಪೊಟ್ಟಣ ಬಚ್ಚಿಟ್ಟಳು. ರೀಟಾ ಹುಡುಕಿತು, ಕೂತಿತು, ಮತ್ತೆ ಎದ್ದಿತು. ನಾಲಿಗೆ ಜೋತುಬಿದ್ದಿತ್ತು. ಹಿಂಗಾಲನ್ನು ನೆಲಕ್ಕೆ ಊರುವುದನ್ನೇ ಬಿಟ್ಟಿತ್ತು. ಅವಳು ನಿಲ್ಲಿಸಲಿಲ್ಲ. ಪೊಟ್ಟಣವನ್ನು ಹಿತ್ತಲಿನ ಒರಳಿನ ಹಿಂದೆ ಇಟ್ಟು, "ಹೋಗು, ಹುಡ್ಕು," ಎಂದಳು.

ರೀಟಾ ಹೊಸಿಲಿನಿಂದ ಶುರುಮಾಡಿತು. ಎರಡು ಸಲ ಸೀನಿತು. ಒರಳಿನ ಪಕ್ಕಕ್ಕೆ ಬಂದಿತು. ಪೊಟ್ಟಣ ಅದರ ಮೂಗಿನಿಂದ ಗೇಣು ದೂರದಲ್ಲಿತ್ತು.

ನಾಯಿ ಒರಳನ್ನು ದಾಟಿ ಮುಂದೆ ಹೋಯಿತು.

ಕಾಂಪೌಂಡ್ ಗೋಡೆಯವರೆಗೆ ಹೋಗಿ ನಿಂತಿತು. ಅಲ್ಲಿ ಮೂಸಲು ಏನೂ ಉಳಿದಿರಲಿಲ್ಲ. ತಿರುಗಿ ಅವಳನ್ನು ನೋಡಿತು. ಆಮೇಲೆ ಯಾರೂ ಹೇಳದೆಯೇ ಮೂರು ಕಾಲಲ್ಲಿ ಕುಪ್ಪಳಿಸುತ್ತ ಹೊಸಿಲಿಗೆ ಬಂದು, ಮೂಗು ನೆಲಕ್ಕೆ ಹಚ್ಚಿ, ಮತ್ತೆ ಮೊದಲಿನಿಂದ ಶುರುಮಾಡಿತು.

ಇಷ್ಟು ದಿನ ಅವಳು ಹಿಡಿಯಬೇಕೆಂದು ಕಾದದ್ದು ಈ ತಪ್ಪನ್ನೇ. ಸಿಟ್ಟು ಬರುತ್ತದೆಂದುಕೊಂಡಿದ್ದಳು. ಬರಲಿಲ್ಲ.

"ಸಾಕು," ಎಂದಳು. ಅದಕ್ಕೆ ಆ ಮಾತು ಗೊತ್ತಿರಲಿಲ್ಲ, ಹುಡುಕುತ್ತಲೇ ಇತ್ತು. "ಸಾಕು ಬಾರವ್ವ, ಸಾಕು." ಹೋಗಿ ಅದರ ದಾರಿಗೆ ಅಡ್ಡವಾಗಿ ನೆಲದ ಮೇಲೆ ಕೂತುಬಿಟ್ಟಳು. ನಾಯಿ ಅವಳ ಮೊಣಕಾಲಿಗೆ ಮೂಗು ತಗುಲಿಸಿ ನಿಂತಿತು. ಅವಳು ಸೆರಗಿನ ತುದಿಯನ್ನು ಪಕ್ಕದ ನೀರಿನ ತೊಟ್ಟಿಯಲ್ಲಿ ಅದ್ದಿ ಅದರ ಮೂಗು, ಕಣ್ಣು ಒರೆಸಿದಳು.

"ಅವತ್ತೂ ಹಿಂಗೇ ದಣ್ದಿದ್ರಾ," ಎಂದು ಕೇಳಿದಳು, "ಇಬ್ರೂ?"

ಸಂಜೀವಪ್ಪ ಜಿಯಾವುಲ್ಲಾನೊಂದಿಗೆ ಬಂದಾಗ ಮನೆಯಲ್ಲಿ ಯಾರೂ ಕಾಣಲಿಲ್ಲ. ಹಿತ್ತಲಿಗೆ ಬಂದರು. ಆದಿಲಕ್ಷ್ಮಿ ಒರಳಿಗೊರಗಿ ಕೂತಿದ್ದಳು. ಮಡಿಲಲ್ಲಿ ನಾಯಿಯ ಹಿಂಗಾಲು. ಬಟ್ಟಲಿನಿಂದ ಬೆಚ್ಚನೆಯ ಹರಳೆಣ್ಣೆ ಅದ್ದಿಕೊಂಡು ಹಳೇ ಗಾಯದ ಗೆರೆಯುದ್ದಕ್ಕೂ ಹೆಬ್ಬೆರಳಿನಿಂದ ಮೆಲ್ಲಗೆ ತೀಡುತ್ತಿದ್ದಳು.

"ಬಿಸ್ಲಲ್ಲಿ ಬಂದಿದ್ದೀರ, ಕೂತ್ಕೊಳ್ಳಿ," ಎಂದಳು ಜಿಯಾವುಲ್ಲಾನಿಗೆ, ತಲೆಯೆತ್ತದೆ. "ಏನ್ರೀ, ಅವರಿಗೆ ಮಜ್ಜಿಗೆ ಕೊಡಿ. ನನ್ನ ಕೈಯೆಲ್ಲ ಎಣ್ಣೆ."

ಜಿಯಾವುಲ್ಲಾ ಸಂಜೀವಪ್ಪನ ಮುಖ ನೋಡಿದ. ಸಂಜೀವಪ್ಪ ಮಜ್ಜಿಗೆ ತರಲು ಒಳಗೆ ಹೋದ. ಜಿಯಾವುಲ್ಲಾ ನಿಂತೇ ಕುಡಿದು, ಲೋಟವನ್ನು ಕಟ್ಟೆಯ ಮೇಲಿಟ್ಟ. "ಬರ್ತೀನಮ್ಮಾ," ಎಂದ.

ಅವನ ಚೀಲದಲ್ಲಿದ್ದ ಸರಪಳಿ ನಡೆಯುವಾಗ ಸಣ್ಣಗೆ ಸದ್ದು ಮಾಡುತ್ತಿತ್ತು. ಅದು ಗಲ್ಲಿಯ ತಿರುವು ದಾಟಿ ಕೇಳದಾಗುವವರೆಗೂ ರೀಟಾ ಕಿವಿ ನಿಮಿರಿಸಿತ್ತು. ಆಮೇಲೆ ಇನ್ನೊಂದು ಹಿಂಗಾಲನ್ನೂ ಚಾಚಿ, ಮಗ್ಗುಲಾಗಿ ಮಲಗಿತು.