ಸಂದುಚುಕ್ಕಿಯ ಹೊಸ್ತಿಲು

ಯಲ್ದೂರಿನಲ್ಲಿ ಮನೆ ಕಟ್ಟಿಸಿದ ವರ್ಷ ಕದಿರೇಶ ಹೆಂಡತಿ ರಜನಿಗೆ ಒಂದು ಮಾತು ಕೊಟ್ಟಿದ್ದ. ಮೇಸ್ತ್ರಿ ಆತುರದಲ್ಲಿ ಮುಂಬಾಗಿಲಿಗೆ ಸಿಮೆಂಟಿನ ಹೊಸ್ತಿಲು ಹಾಕಿಬಿಟ್ಟಿದ್ದ. ಅದಕ್ಕೆ ಅರಿಶಿನ ಬಳಿಯುವಾಗೆಲ್ಲ ರಜನಿ ಮುಖ ಗಂಟಿಕ್ಕುತ್ತಿದ್ದಳು. ಮರದ ಹೊಸ್ತಿಲು ಕೂರಿಸುತ್ತೇನೆ, ನಡುವೆ ನಿನ್ನ ಕೈಯ ರಂಗೋಲಿ ಕೆತ್ತಿಸುತ್ತೇನೆ, ಮೊದಲು ದಾಟುವವಳು ನೀನೇ ಎಂದಿದ್ದ. ಆಗ ಮಗಳು ಶಿವಾನಿ ಕಂಕುಳ ಕೂಸು. ಈಗ ಅವಳು ಎಂಟನೇ ಕ್ಲಾಸು. ರಜನಿ ಕುವೈತಿಗೆ ಮನೆಗೆಲಸಕ್ಕೆ ಹೋಗಿ ಆರು ವರ್ಷವಾಗಿತ್ತು. ಈ ಯುಗಾದಿಗೆ ಬಂದವಳು ಮತ್ತೆ ಹೋಗುವುದಿಲ್ಲ ಎಂದು ಮಾತಾಗಿತ್ತು.

ಕದಿರೇಶ ಶ್ರೀನಿವಾಸಪುರದ ಮಾವಿನ ತಿರುಳಿನ ಕಾರ್ಖಾನೆಯಲ್ಲಿ ಫಿಟ್ಟರು. ಸೀಸನ್ ಇಲ್ಲದ ತಿಂಗಳುಗಳಲ್ಲಿ ಸಂಜೆ ಮುಗಿಯುತ್ತಲೇ ಇರಲಿಲ್ಲ. ವಿಡಿಯೋ ನೋಡಿಕೊಂಡು, ಬಿಡಿಭಾಗ ತರಿಸಿಕೊಂಡು, ಹಜಾರದಲ್ಲೇ ಒಂದು ಪುಟ್ಟ ಸಿಎನ್‌ಸಿ ಮೆಷಿನ್ನು ಕಟ್ಟಿಕೊಂಡಿದ್ದ. ಕಂಪ್ಯೂಟರಿನಲ್ಲಿರುವ ಚಿತ್ರವನ್ನು ಇಲ್ಲಿಗೆ ಹೋಗು, ಇಷ್ಟು ಇಳಿ, ಹೀಗೆ ತಿರುಗು ಎಂದು ಸಾಲು ಸಾಲು ಕೋಡ್ ಮಾಡಿಕೊಟ್ಟರೆ, ಮೆಷಿನ್ನು ಹಾಗೆಯೇ ಮರ ಕೊರೆಯುತ್ತಿತ್ತು. ಶಿವಾನಿ ಪುಸ್ತಕ ಹಿಡಿದು ಕೂತಳೆಂದರೆ ಮನೆಯಲ್ಲಿ ಅದರದೊಂದೇ ಸದ್ದು.

ರಂಗೋಲಿಯನ್ನು ರಜನಿಯೇ ಕಳಿಸಿದಳು. ಕೆಲಸದ ಮನೆಯವರೆಲ್ಲ ಹೊರಗೆ ಹೋಗಿದ್ದಾಗ ಅಲ್ಲಿನ ಅಡುಗೆಮನೆಯ ನೆಲದ ಮೇಲೆ ಮೈದಾಹಿಟ್ಟಿನಲ್ಲಿ ಎಳೆದು, ಫೋಟೋ ತೆಗೆದು, ತಕ್ಷಣ ಒರೆಸಿಬಿಟ್ಟಿದ್ದಳಂತೆ. ಕದಿರೇಶ ಫೋಟೋವನ್ನು ಕಂಪ್ಯೂಟರಿಗೆ ಹಾಕಿ ಗೆರೆಗಳನ್ನು ಎತ್ತಿಸಿದ. ಸುತ್ತ ಹಿಟ್ಟು ಚೆಲ್ಲಿತ್ತು. ಸಣ್ಣಪುಟ್ಟ ಕಲೆ ತೆಗೆ ಎಂದು ಒತ್ತಿದ, ಚಿತ್ರ ಕನ್ನಡಿಯಂತಾಯಿತು. ಬೇವಿನ ಹಲಗೆಯನ್ನು ಬಿಗಿದು ಮೆಷಿನ್ನು ಓಡಿಸಿದ. ಎಳೆ ಎಲ್ಲೂ ತುಂಡಾಗದೆ, ಸುತ್ತಿ ಬಳಸಿ, ಹೊರಟಲ್ಲಿಗೇ ಬಂದು ಸೇರಿತು. ಅವನ ಎದೆ ತುಂಬಿಬಂತು.

ಶಿವಾನಿ ಬಂದು ಬಗ್ಗಿ ನೋಡಿದಳು. "ಚುಕ್ಕೀನೇ ಇಲ್ವಲ್ಲಪ್ಪ," ಎಂದಳು.

ಹಿಟ್ಟಿನ ಕಸದ ಜೊತೆ ಚುಕ್ಕಿಗಳೂ ಹೋಗಿದ್ದವು. ರಜನಿ ಊರಲ್ಲಿದ್ದಷ್ಟು ವರ್ಷ ದಿನಾ ಬಾಗಿಲಲ್ಲಿ ನೋಡಿದ್ದ. ಅವನ ಕಣ್ಣಿಗೆ ರಂಗೋಲಿ ಎಂದರೆ ಎಳೆಯೇ. ಎಳೆಗಿಂತ ಮೊದಲು ಚುಕ್ಕಿ ಇಡುತ್ತಾರೆ ಎನ್ನುವುದನ್ನು ಅವನ ಕೈ ಯಾವತ್ತೂ ಕಲಿತಿರಲಿಲ್ಲ. ಫೋಟೋದಲ್ಲೂ ಯಾವುದು ಚುಕ್ಕಿ, ಯಾವುದು ಚೆಲ್ಲಿದ ಹಿಟ್ಟು ಎಂದು ಗೊತ್ತಾಗುವಂತಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಒಂದಿಷ್ಟು ಹೊತ್ತು ರಜನಿಗೆ ಬಿಡುವು. ಫೋನಿನಲ್ಲಿ ವಿಷಯ ಕೇಳಿ ಅವಳು ನಕ್ಕು ನಕ್ಕು ಕೆಮ್ಮಿದಳು. ಆಮೇಲೆ ಗೌನಿಪಲ್ಲಿಯ ತವರಿನ ತೆಲುಗಿನಲ್ಲೇ ಎಣಿಕೆ ಹೇಳಿದಳು. "ಪದಮೂಡು ನುಂಚಿ ಏಡು, ಸಂದುಚುಕ್ಕ. ಬರ್ಕೊಳ್ರೀ ಇಂಜಿನಿಯರ್ರೇ."

ನಡುಸಾಲಿನಲ್ಲಿ ಹದಿಮೂರು, ಮೇಲಕ್ಕೂ ಕೆಳಕ್ಕೂ ಒಂದೊಂದೇ ಕಮ್ಮಿಯಾಗುತ್ತ ಏಳಕ್ಕೆ ನಿಲ್ಲಬೇಕು. ಪ್ರತಿ ಚುಕ್ಕಿಯೂ ಪಕ್ಕದ ಸಾಲಿನ ಎರಡು ಚುಕ್ಕಿಗಳ ಸಂದಿಗೆ ಬೀಳಬೇಕು. ಪುಣ್ಯಕ್ಕೆ ಹಲಗೆ ಇನ್ನೂ ಬಿಗಿದಲ್ಲೇ ಇತ್ತು. ಈ ಸಲ ಕದಿರೇಶ ಕೋಡನ್ನು ಕೈಯಲ್ಲೇ ಬರೆದ. ಹೋಗು, ಇಳಿ, ಏಳು. ಹೋಗು, ಇಳಿ, ಏಳು. ಮೆಷಿನ್ನು ಚುಕ್ಕಿ ಇಡುತ್ತ ಹೋಗುವಾಗ ಪಕ್ಕದಲ್ಲಿ ಯಾರೋ ಕುಕ್ಕರುಗಾಲಲ್ಲಿ ಕೂತಿದ್ದಾರೆ ಅನ್ನಿಸಿತು. ಅವನು ತಿರುಗಿ ನೋಡಲಿಲ್ಲ.

ಟಿಕೆಟ್ ಆಯಿತೆಂದು ರಜನಿ ತಿಳಿಸಿದ ಮೇಲೆ ಒಳ್ಳೆಯ ದಿನ ನೋಡಿ, ಸಿಮೆಂಟಿನದನ್ನು ಒಡೆದು ತೆಗೆದು, ಕೆಳಗೆ ನವಧಾನ್ಯ ಹಾಕಿ ಹೊಸ್ತಿಲು ಕೂರಿಸಿದ. ಅಂದಿನಿಂದ ಅಪ್ಪ ಮಗಳು ಹಿತ್ತಿಲ ಬಾಗಿಲಿನಿಂದಲೇ ಓಡಾಡಿದರು. ಪಕ್ಕದ ಮನೆಯ ಆಂಜಿ ದಿನಾ ರೇಗಿಸುತ್ತಿದ್ದ: "ಏನ್ಲಾ, ಸ್ವಂತ ಮನೆಗೇ ಕಳ್ಳನ ಥರ ನುಗ್ತೀಯಲ್ಲೋ."

ಮುಂದಿನ ಶುಕ್ರವಾರದ ಫೋನಿನಲ್ಲಿ ರಜನಿ ಸುಮಾರು ಹೊತ್ತು ಊಟ ತಿಂಡಿ, ಶಿವಾನಿಯ ಪರೀಕ್ಷೆ ಎಂದು ಸುತ್ತಿಬಳಸಿ ಮಾತಾಡಿದಳು. ಆಮೇಲೆ ಹೇಳಿದಳು.

"ಮೇಡಮ್ಮು ಟಿಕೆಟ್ ಕ್ಯಾನ್ಸಲ್ ಮಾಡ್ಸಿದ್ರು ಕಣ್ರೀ. ಇನ್ನೆರಡು ವರ್ಷ ಇರು ಅಂದ್ರು. ಅವರ ಕೂಸು ನನ್ನ ಬಿಟ್ಟು ಯಾರ ಹತ್ರಾನೂ ನಿಲ್ಲಲ್ಲ. ಹ್ಞೂಂ ಅಂದ್ಬಿಟ್ಟೆ."

ಶಿವಾನಿ ಅಲ್ಲೇ ಕೂತಿದ್ದಳು. ಎದ್ದು ಒಳಗೆ ಹೋದಳು. ಕದಿರೇಶ ಆಯ್ತು, ಹುಷಾರು ಎಂದ. ಹೊಸ್ತಿಲು ಹೇಗೆ ಕಾಣುತ್ತೆ ಎಂದು ಅವಳೇ ಕೇಳಿದಳು. ಇನ್ನೂ ಯಾರೂ ದಾಟಿಲ್ಲ ಎಂದ.

"ದಾಟ್ಕೊಳ್ರೀ," ಎಂದಳು. "ಎರಡು ವರ್ಷ ಹಿತ್ತಿಲು ಸುತ್ತೋಕಾಗುತ್ತಾ?"

ಬೆಳಿಗ್ಗೆ ಶಿವಾನಿ ಬ್ಯಾಗು ಹೆಗಲಿಗೇರಿಸಿ ಮುಂಬಾಗಿಲ ಬಳಿ ನಿಂತು ಅಪ್ಪನ ಮುಖ ನೋಡಿದಳು. ಬಸ್ಸಿಗೆ ಹೊತ್ತಾಗಿತ್ತು. ಕದಿರೇಶ ಚಿಲಕ ತೆಗೆದು ಪಕ್ಕಕ್ಕೆ ಸರಿದ. ಅವಳು ಕಾಲು ತಾಗಿಸದೆ ದಾಟಿ ಹೋದಳು. ಹಿಂದೆಯೇ ಅವನೂ ದಾಟಿದ, ಬೀಗ ಹಾಕಿದ.

ರಜನಿ ಮೊದಲು ದಾಟಲಿಲ್ಲ. ಕದಿರೇಶ ಮಾತಿಗೆ ತಪ್ಪಿದ.