ಮೊದಲನೆಯ ಮೆಟ್ಟಿಲು

"ಸ್ಕ್ರೂ ಬಿಚ್ಚು, ಭೋಜರಾಜ," ಎಂದರು ಜೋಸ್ಲಿನ್.

ಗಂಡ ಲಿಗೋರಿಯನ್ನು ಮಸ್ಕತ್ತಿನ ಮಣ್ಣಿಗಿಳಿಸಿ, ಗುಂಡಿ ಮುಚ್ಚಿ ಆಗಿತ್ತು. ತಲೆಯ ಬಳಿ ನೆಡಬೇಕಾದ ಶಿಲುಬೆ, ಲಿಗೋರಿಯ ಕೈಕೆಳಗೆ ಇಪ್ಪತ್ತು ವರ್ಷ ದುಡಿದ ಬಡಗಿ ಭೋಜರಾಜನ ಕೈಯಲ್ಲಿತ್ತು. ಅದರ ಹಿತ್ತಾಳೆ ಫಲಕದಲ್ಲಿ 'ಎಂಜಿನಿಯರ್ ಲಿಗೋರಿ ಮಿನೇಜಸ್' ಎಂದಿತ್ತು. ಮಾಡಿಸಿ ತಂದವನು ಮೈದುನ ಸ್ಟ್ಯಾನಿ.

"ಅತ್ತಿಗೆ, ಊರಲ್ಲಿ ಎಲ್ಲರೂ ಲೈವ್ ನೋಡ್ತಾ ಇದ್ದಾರೆ," ಸ್ಟ್ಯಾನಿ ಮೊಬೈಲನ್ನು ಎದೆಗೊತ್ತಿಕೊಂಡು ಪಿಸುಗುಟ್ಟಿದ. "ನನ್ನ ಮಗಳನ್ನು ಕೊಟ್ಟ ಮನೆಯವರೂ ಇದ್ದಾರೆ. ಅವರ ಹತ್ರ ಅಣ್ಣ ಎಂಜಿನಿಯರ್ ಅಂತಲೇ ಹೇಳಿದ್ದು."

"ಹೇಳಿದ್ದು ನೀನು. ನಿನ್ನ ಅಣ್ಣ ಅಲ್ಲ."

"ಅವನೂ ಅಲ್ಲ ಅನ್ನಲಿಲ್ಲವಲ್ಲ."

ಅದು ನಿಜ. ಊರಿನವರ ಪಾಲಿಗೆ ಗಲ್ಫಿನಲ್ಲಿದ್ದವರೆಲ್ಲ ಮ್ಯಾನೇಜರೋ ಎಂಜಿನಿಯರೋ. ತಮ್ಮನ ಮುಖ ಸಣ್ಣದಾಗಬಾರದೆಂದು ಲಿಗೋರಿ ರಜೆಗೆ ಹೋದಾಗಲೆಲ್ಲ ಸುಮ್ಮನೆ ನಕ್ಕು ಬರುತ್ತಿದ್ದರು.

*

ಮಸ್ಕತ್ತಿನ ಅಲ್ ಗುಬ್ರಾದ ಫ್ಲ್ಯಾಟಿನಲ್ಲಿ ಪ್ರತಿ ಶುಕ್ರವಾರ ಮಧ್ಯಾಹ್ನ ಲಿಗೋರಿ ಒಂದೇ ಪುಸ್ತಕ ತೆರೆಯುತ್ತಿದ್ದರು. ಆರುನೂರು ವರ್ಷಕ್ಕೂ ಹಿಂದೆ ಇಂಗ್ಲೆಂಡಿನಲ್ಲಿದ್ದ, ವೈಕಮ್ ಎಂಬ ಹಳ್ಳಿಯ ವಿಲಿಯಂ ಬಿಷಪರ ಕತೆ. ಬಡವರ ಮಗ. ಮೊದಲು ರಾಜನ ಕೋಟೆ ಕಟ್ಟುವಲ್ಲಿ ಮೇಲ್ವಿಚಾರಣೆ. ಆಮೇಲೆ ಬಿಷಪ್ ಪದವಿ, ರಾಜಮುದ್ರೆ ಕಾಯುವ ಮಂತ್ರಿಗಿರಿ. ಎಪ್ಪತ್ತು ಬಡ ಹುಡುಗರಿಗೆಂದು ಕಟ್ಟಿಸಿದ ಶಾಲೆ.

"ಕೋಟೆ ಕಟ್ಟಿಸಿದವನಿಗೆ ಎಂತದ್ದು ಇಗರ್ಜಿಯ ಬಿಷಪ್ ಪದವಿ ಅಂತ ಜನ ಆಗಲೂ ಕುಟುಕಿದ್ದಾರೆ ನೋಡು," ಎಂದು ಒಮ್ಮೆ ನಕ್ಕಿದ್ದರು.

"ನೀವು ಮೊದಲನೇ ಮೆಟ್ಟಿಲಲ್ಲೇ ನಿಂತಿರಲ್ಲ, ಮಾರಾಯ್ರೆ," ಜೋಸ್ಲಿನ್ ಕೆಣಕಿದ್ದರು.

"ಬಿಷಪ್, ಮಂತ್ರಿ ಆಗ್ಲಿಕ್ಕೆ ಜನ ಸಾಲು ನಿಲ್ತಾರೆ. ಈ ಬಿಸಿಲಲ್ಲಿ ಕಾಂಕ್ರೀಟಿನ ಪಕ್ಕ ನಿಲ್ಲುವ ಫೋರ್ಮನ್ ಸಿಗುದು ಕಷ್ಟ, ಜೋಸ್ಲಿನ್."

*

ಸಮಾಧಿಯ ಬಳಿ ನೆರೆಮನೆಯ ಆಫಿಯಾ ತನ್ನ ತಲೆಯನ್ನು ಬಿಸಿಲಿಗೊಡ್ಡಿ ಜೋಸ್ಲಿನ್ ಮೇಲೆ ಕೊಡೆ ಹಿಡಿದಿದ್ದಳು.

"ಬಾಯಮ್ಮ, ಬಿಚ್ಚುದಾ?" ಭೋಜರಾಜ ಸ್ಟ್ಯಾನಿಯ ಮುಖ ನೋಡುತ್ತ ಕೇಳಿದ.

ಜೋಸ್ಲಿನ್ ಮೈದುನನ ಕೈಯಿಂದ ಮೊಬೈಲನ್ನು ಮೆಲ್ಲಗೆ ತೆಗೆದುಕೊಂಡು ತಮ್ಮ ಮುಖಕ್ಕೆ ನೇರವಾಗಿ ಹಿಡಿದರು.

"ನಮ್ಮವರು ಎಂಜಿನಿಯರ್ ಅಲ್ಲ, ಫೋರ್ಮನ್," ಎಂದರು ಊರಿನವರಿಗೆ. "ಅವರು ನಿಂತು ಕಟ್ಟಿಸಿದ ಹನ್ನೊಂದು ಶಾಲೆ ಉಂಟು ಇಲ್ಲಿ. ಒಂದರ ಗೋಡೆಯೂ ಬಿರುಕು ಬಿಟ್ಟಿಲ್ಲ."

ಮೊಬೈಲನ್ನು ಸ್ಟ್ಯಾನಿಗೆ ಮರಳಿಸಿದರು. ಅವನು ಲೈವ್ ಆರಿಸದೆಯೇ ಅದನ್ನು ಜೇಬಿಗಿಳಿಸಿದ.

ಭೋಜರಾಜ ಫಲಕ ಬಿಚ್ಚಿ, ಅದರ ಹಿಂಬದಿಯನ್ನು ಮೇಲಾಗಿಸಿ, ಕಪ್ಪು ಮಾರ್ಕರಿನಿಂದ ದಪ್ಪಗೆ 'ಫೋರ್ಮನ್ ಲಿಗೋರಿ ಮಿನೇಜಸ್' ಎಂದು ಬರೆದು ಮತ್ತೆ ಬಿಗಿದ. ಶಿಲುಬೆ ನೆಟ್ಟು, ನೆಟ್ಟಗಿದೆಯೇ ಎಂದು ನೋಡಲು ಚೀಲದಿಂದ ರಸಮಟ್ಟ ತೆಗೆದು ಅದಕ್ಕೆ ಒತ್ತಿ ಹಿಡಿದ.

"ಎಡಕ್ಕೆ ವಾಲಿದೆ. ಸ್ಟ್ಯಾನಿಯಣ್ಣ, ಸ್ವಲ್ಪ ಹಿಡೀತೀರಾ?"

ಸ್ಟ್ಯಾನಿ ಕೋಟಿನಲ್ಲೇ ಮಣ್ಣಿನ ಮೇಲೆ ಮೊಣಕಾಲೂರಿ, ಎರಡೂ ತೋಳುಗಳಿಂದ ಶಿಲುಬೆಯನ್ನು ತಬ್ಬಿ ಹಿಡಿದ. ರಸಮಟ್ಟದ ಗಾಜಿನ ಕೊಳವೆಯೊಳಗೆ ಗಾಳಿಗುಳ್ಳೆ ಜಾರಿತು, ನಡುಗಿತು, ಎರಡು ಗೆರೆಗಳ ನಡುವೆ ಬಂದು ನಿಂತಿತು.